ಗಿಣಿಯಲ್ಲ, ಗಿರಣಿ: ರಾಕೆಟ್ ಜೊತೆ ಹತ್ತು ತಿಂಗಳು

ಅಣ್ಣನ ಮಗ 2024ರ ಸೆಪ್ಟೆಂಬರಿನಲ್ಲಿ ಓದಲು ಜರ್ಮನಿಗೆ ಹೊರಟಾಗ ತನ್ನ ಗಿಟಾರನ್ನು ನಮ್ಮ ಮನೆಯಲ್ಲಿಟ್ಟು ಹೋಗುತ್ತೇನೆ ಎಂದಿದ್ದ. ಬಂದದ್ದು ಗಿಟಾರು ಮತ್ತು ಒಂದು ಪಂಜರ. ಪಂಜರದೊಳಗೆ ಅರಿಶಿನ ಕುಂಕುಮ ಕಲಸಿ ಬಳಿದಂಥ ಮೈ, ರೆಕ್ಕೆಯ ಅಂಚಿನಲ್ಲಿ ಎಲೆಹಸಿರು, ಹೆಸರು ರಾಕೆಟ್. "ಎರಡು ವರ್ಷ ನೋಡಿಕೊಳ್ಳಿ ಅತ್ತೆ, ಎಷ್ಟು ಚೆಂದ ಇದೆ ನೋಡಿ" ಎಂದ. ಚೆಂದದ ಮಾತು ನಿಜವೇ. ದನಿಯ ಬಗ್ಗೆ ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.

ಅದು ಸನ್ ಕನ್ಯೂರ್ ಜಾತಿಯ ಗಿಣಿ. ಮೂಲ ದಕ್ಷಿಣ ಅಮೆರಿಕದ ಗಯಾನಾ ಮತ್ತು ಉತ್ತರ ಬ್ರೆಜಿಲ್ ಕಡೆ. ಗುಂಪು ಕಟ್ಟಿಕೊಂಡು ಬಯಲಿನ ಮೇಲೆ ಹಾರುವ ಹಕ್ಕಿ. ಕಣ್ಣಿಗೆ ಕಾಣದಷ್ಟು ದೂರ ಹೋದ ಜೊತೆಗಾರನಿಗೂ ಕೇಳಿಸಬೇಕು, ಅಂಥ ಗಂಟಲು. ತೂಕ ನೂರು ಗ್ರಾಮಿಗಿಂತ ತುಸು ಹೆಚ್ಚು, ಅಷ್ಟೆ. ಆ ಗಂಟಲನ್ನು ನಾವು ಬೆಂಗಳೂರಿನ ಎರಡು ಕೋಣೆಯ ಫ್ಲಾಟಿನ ಹಾಲಿನಲ್ಲಿ, ಟೈಲ್ಸ್ ನೆಲ ಮತ್ತು ಬೋಳು ಗೋಡೆಗಳ ನಡುವೆ, ಟಿವಿಯ ಪಕ್ಕದಲ್ಲಿ ತೂಗುಹಾಕಿದೆವು. ಮಾರನೆಯ ಬೆಳಿಗ್ಗೆ ಆರು ಗಂಟೆಗೆ ನಮ್ಮತ್ತೆ ಕಾಫಿ ಲೋಟ ಹಿಡಿದುಕೊಂಡೇ ತೀರ್ಪು ಕೊಟ್ಟರು: "ಇದು ಗಿಣಿಯಲ್ಲ ಕಣೇ, ಗಿರಣಿ."

ಮೊದಲ ಎರಡು ತಿಂಗಳು ನಾವು ಮಾಡಿದ್ದೆಲ್ಲವೂ ತಪ್ಪು. ಕಿರುಚಿದರೆ ಓಡಿಹೋಗಿ ಸೂರ್ಯಕಾಂತಿ ಬೀಜ ಕೊಡುತ್ತಿದ್ದೆ. ಬಾಯಿ ತುಂಬಿದಷ್ಟು ಹೊತ್ತು ಮೌನ, ಆಮೇಲೆ ಇನ್ನೂ ಜೋರು. ನನ್ನ ಗಂಡ ಮನೆಯಿಂದಲೇ ಕಚೇರಿ ಕೆಲಸ ಮಾಡುವ ದಿನಗಳಲ್ಲಿ ಕೋಣೆಯಿಂದ "ಸುಮ್ಮನಿರೋ!" ಎಂದು ಗದರಿಸುತ್ತಿದ್ದರು. ಗುಂಪಿನ ಹಕ್ಕಿಗೆ ಆ ಗದರಿಕೆ ಬೈಗುಳವಾಗಿ ಕೇಳಿಸುವುದಿಲ್ಲ, ಜೊತೆಗಾರನ ಉತ್ತರವಾಗಿ ಕೇಳಿಸುತ್ತದೆ. ಉತ್ತರ ಸಿಕ್ಕ ಸಂತೋಷಕ್ಕೆ ಅದು ಮತ್ತೊಮ್ಮೆ ಕೂಗುತ್ತಿತ್ತು. ಹಗಲಿನಲ್ಲೇ ಪಂಜರಕ್ಕೆ ಕಪ್ಪು ಬಟ್ಟೆ ಹೊದಿಸಿದೆವು. ಕತ್ತಲಾದರೆ ಮಲಗುತ್ತದೆ ಎಂಬ ಲೆಕ್ಕ. ಬಟ್ಟೆಯೊಳಗಿಂದ ಹತ್ತು ನಿಮಿಷ ಏನೂ ಇರುತ್ತಿರಲಿಲ್ಲ. ತೆಗೆದ ತಕ್ಷಣ ಬಾಕಿಯನ್ನೆಲ್ಲ ಬಡ್ಡಿ ಸಮೇತ ತೀರಿಸುತ್ತಿತ್ತು. ಅದು ಶಿಕ್ಷೆಯೆಂದು ಗಿಣಿಗೆ ಗೊತ್ತಾಗುವುದಿಲ್ಲ, ಭಯವಷ್ಟೇ ಆಗುತ್ತದೆ ಎಂದು ಆಮೇಲೆ ಪಶುವೈದ್ಯರು ಹೇಳಿದರು. ಇವತ್ತಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ನವೆಂಬರಿನಲ್ಲಿ ಕೆಳಮನೆಯವರು ಮೆಟ್ಟಿಲ ಹತ್ತಿರ ನಿಲ್ಲಿಸಿ, ಬಹಳ ಮರ್ಯಾದೆಯಿಂದಲೇ, ಮನೆಯಲ್ಲಿ ಏನಾದರೂ ರಿಪೇರಿ ನಡೆಯುತ್ತಿದೆಯೇ ಎಂದು ಕೇಳಿದರು. ಅವತ್ತು ರಾತ್ರಿ ಹಳೆಯ ಡೈರಿ ತೆಗೆದೆ. ಎಷ್ಟು ಹೊತ್ತಿಗೆ ಕೂಗಿತು, ಅದಕ್ಕೆ ಮುಂಚೆ ಮನೆಯಲ್ಲಿ ಏನು ನಡೆಯಿತು, ಕೂಗಿದ ಮೇಲೆ ನಾವು ಏನು ಮಾಡಿದೆವು. ಮೂರು ಕಲಂ, ಹತ್ತು ದಿನ. ಗಿಣಿಯ ಗಲಾಟೆಯಿಂದ ಬೇಸತ್ತವರು ಯಾರಾದರೂ ನನ್ನನ್ನು ಕೇಳಿದರೆ ಮೊದಲು ಹೇಳುವುದು ಇದನ್ನೇ. ಅದು "ದಿನವಿಡೀ" ಕೂಗುತ್ತದೆ ಎಂದು ನಾವೆಲ್ಲ ನಂಬಿದ್ದೆವು. ಡೈರಿ ಬೇರೆಯೇ ಹೇಳಿತು.

ಬೆಳಗಾಗುವಾಗ ಮತ್ತು ಹೊತ್ತು ಮುಳುಗುವಾಗ ಹತ್ತು ಹದಿನೈದು ನಿಮಿಷ. ಅದು ಕಾರಣವಿಲ್ಲದ್ದು, ಅಥವಾ ಸೂರ್ಯನೇ ಕಾರಣ. ಉಳಿದದ್ದಕ್ಕೆಲ್ಲ ಕಾರಣವಿತ್ತು. ಮಿಕ್ಸಿ ತಿರುಗಿದಾಗ ಕೂಗುತ್ತಿತ್ತು. ಕುಕ್ಕರ್ ಕೂಗಿದಾಗ ಅದಕ್ಕೆ ಪ್ರತಿಕೂಗು. ಕಿಟಕಿಯ ಸರಳಿನ ಮೇಲೆ ಕಾಗೆ ಕುಳಿತಾಗ ಕೂಗಿಗಿಂತ ಹೆಚ್ಚಾಗಿ ಕಿರುಚಾಟ. ಎಲ್ಲಕ್ಕಿಂತ ಹೆಚ್ಚು ಸಲ, ಯಾರಾದರೂ ಹಾಲಿನಿಂದ ಎದ್ದು ಒಳಗೆ ಹೋದ ಅರ್ಧ ನಿಮಿಷಕ್ಕೆ. ಆ ಸಾಲುಗಳ ಮೂರನೆಯ ಕಲಂನಲ್ಲಿ ಒಂದೇ ಮಾತು ಮತ್ತೆ ಮತ್ತೆ ಇತ್ತು: "ಹೋಗಿ ನೋಡಿದೆ." ಎಲ್ಲಿದ್ದೀಯ ಎಂದು ಅದು ಕೇಳುತ್ತಿತ್ತು, ಕಿರುಚುವ ತನಕ ಕಾಯಿಸಿ ಆಮೇಲೆ ಬಂದು ನಿಲ್ಲುತ್ತಿದ್ದವರು ನಾವು. ಅಂದರೆ ಕಿರುಚಲು ಕಲಿಸಿದ್ದೂ ನಾವೇ.

ಬದಲಾವಣೆ ಶುರುಮಾಡುವ ಮೊದಲು ಹಕ್ಕಿಗಳನ್ನು ನೋಡುವ ಪಶುವೈದ್ಯರ ಬಳಿ ಹೋದೆವು. ನೋವಿದ್ದರೂ ಹಕ್ಕಿ ಕೂಗಬಹುದು, ಅದನ್ನು ತಳ್ಳಿಹಾಕದೆ ಪಾಠ ಕಲಿಸಲು ಹೊರಡಬಾರದು. ಕಾಯಿಲೆ ಇರಲಿಲ್ಲ, ಆಹಾರ ಕೆಟ್ಟದಾಗಿತ್ತು. ಬರೀ ಸೂರ್ಯಕಾಂತಿ ಬೀಜವೆಂದರೆ ಬರೀ ಎಣ್ಣೆ, ಎ ಜೀವಸತ್ವ ಸಿಗುವುದಿಲ್ಲ. ಗಿಣಿಗಳಿಗೆಂದೇ ಮಾಡುವ ಪೆಲೆಟ್ ಎಂಬ ಗುಳಿಗೆಯಂಥ ಆಹಾರದ ಜೊತೆಗೆ ಕ್ಯಾರೆಟ್, ಸಿಹಿಕುಂಬಳ, ನುಗ್ಗೆಸೊಪ್ಪು ಶುರುವಾಯಿತು. ಬೆಣ್ಣೆಹಣ್ಣು ಮತ್ತು ಚಾಕೊಲೇಟ್ ವಿಷ, ಕೊಡಲೇಬಾರದು. ನಾನ್‌ಸ್ಟಿಕ್ ತವಾ ಅತಿಯಾಗಿ ಕಾದರೆ ಬರುವ ಹೊಗೆ ನಮಗೆ ಗೊತ್ತೇ ಆಗದಿದ್ದರೂ ಹಕ್ಕಿಯನ್ನು ಕೊಲ್ಲಬಲ್ಲದು ಎಂದು ಕೇಳಿ ಅತ್ತೆ ಅಟ್ಟದ ಮೇಲಿದ್ದ ತಮ್ಮ ಕಬ್ಬಿಣದ ಕಾವಲಿಯನ್ನು ಗೆದ್ದ ಮುಖದಲ್ಲಿ ಇಳಿಸಿಕೊಂಡರು. ದೋಸೆ ಉತ್ತಮವಾಯಿತು, ಅದನ್ನು ಒಪ್ಪಲೇಬೇಕು. ಇನ್ನೊಂದು ವಿಷಯ: ಮೆಣಸಿನಕಾಯಿಯ ಖಾರ ಹಕ್ಕಿಗಳಿಗೆ ತಟ್ಟುವುದಿಲ್ಲ. ರಾಕೆಟ್ ಹಸಿಮೆಣಸಿನಕಾಯನ್ನು ಕಾಲಲ್ಲಿ ಹಿಡಿದು ಬೀಜಸಮೇತ ಮೆಲ್ಲುವುದನ್ನು ಅತ್ತೆ ಬಂದವರಿಗೆಲ್ಲ ಕರೆದು ತೋರಿಸುತ್ತಿದ್ದರು. ಗಿರಣಿ ಎಂದವರೇ ಅದಕ್ಕೆ ಗಿಣಿರಾಮ ಎಂದು ಹೆಸರಿಟ್ಟದ್ದೂ ಆಗಲೇ.

ಆಮೇಲೆ ನಿದ್ದೆ. ಗಿಣಿಗೆ ಹತ್ತರಿಂದ ಹನ್ನೆರಡು ಗಂಟೆಯ ಕತ್ತಲು ಬೇಕು. ನಮ್ಮ ಹಾಲಿನಲ್ಲಿ ರಾತ್ರಿ ಹನ್ನೊಂದರವರೆಗೆ ಧಾರಾವಾಹಿ, ಬೆಳಿಗ್ಗೆ ಐದೂವರೆಗೆ ಹಾಲಿನವನ ಬೆಲ್. ನಿದ್ದೆಗೆಟ್ಟ ಮಗುವಿನ ಹಾಗೆ ಅದು ಇಡೀ ದಿನ ಕಿರಿಕಿರಿ ಮಾಡುತ್ತಿದ್ದುದರಲ್ಲಿ ಆಶ್ಚರ್ಯವೇನು? ಸಾಮಾನಿನ ಕೋಣೆಯಲ್ಲಿ ಅಕ್ಕಿ ಡಬ್ಬಗಳ ಪಕ್ಕಕ್ಕೆ ಒಂದು ಚಿಕ್ಕ ಪಂಜರ ಇಟ್ಟು, ರಾತ್ರಿ ಏಳಕ್ಕೆ ಅಲ್ಲಿಗೆ ಒಯ್ದು, ಬೆಳಿಗ್ಗೆ ಆರೂವರೆಗೆ ಹೊರಗೆ ತರುವ ಪದ್ಧತಿ ಮಾಡಿದೆವು. ಹಗಲಿನ ಪಂಜರವನ್ನು ಟಿವಿಯಿಂದ ದೂರ, ಒಂದು ಬದಿ ಗೋಡೆಗೆ ತಾಗಿಸಿ ಇಟ್ಟೆವು. ಬೆನ್ನ ಹಿಂದೆ ಗೋಡೆಯಿದ್ದರೆ ಅದಕ್ಕೆ ಧೈರ್ಯ, ಕಾಗೆಯೂ ಕಾಣುವುದಿಲ್ಲ. ಚಟ್ನಿ ರುಬ್ಬುವಾಗ ಅಡುಗೆಮನೆಯ ಬಾಗಿಲು ಹಾಕುವುದು ಕಲಿತೆವು.

ಮುಖ್ಯ ಕೆಲಸವೆಂದರೆ ಸಿಳ್ಳೆ. ಎರಡೇ ಸ್ವರ, ಮೊದಲು ಮೇಲೆ, ಆಮೇಲೆ ಕೆಳಗೆ. ಯಾರೇ ಹಾಲಿನಿಂದ ಒಳಗೆ ಹೋಗುವಾಗ ಅದು ಕರೆಯುವ ಮೊದಲೇ ಸಿಳ್ಳೆ ಹಾಕುವುದು, ಒಳಗಿನಿಂದ ಮತ್ತೊಮ್ಮೆ ಹಾಕುವುದು. ಅದು ಮೆಲ್ಲಗೆ ಚಿರ್ ಎಂದರೆ ತಕ್ಷಣ ಸಿಳ್ಳೆಯ ಉತ್ತರ, ಬಂದು ಒಂದು ದಾಳಿಂಬೆ ಕಾಳು. ಕಿರುಚಿದರೆ ಉತ್ತರವಿಲ್ಲ, ನೋಟವಿಲ್ಲ, ಎದುರಿಗಿದ್ದವರು ಎದ್ದು ಹೋಗುವುದು. ನಿಲ್ಲಿಸಿ ಮೂರು ಸೆಕೆಂಡು ಸುಮ್ಮನಿದ್ದರೆ ಹಿಂದಕ್ಕೆ ಬರುವುದು. ಮೂರನ್ನು ಐದಕ್ಕೆ, ಐದನ್ನು ಹತ್ತಕ್ಕೆ ಏರಿಸುವುದು.

ಕೇಳಲು ಸುಲಭ. ಮೊದಲ ಎರಡು ವಾರ ಕೂಗು ಕಡಿಮೆಯಾಗುವುದಿರಲಿ, ದುಪ್ಪಟ್ಟಾಯಿತು. ಇಷ್ಟು ದಿನ ತೆರೆಯುತ್ತಿದ್ದ ಬಾಗಿಲು ತೆರೆಯದಿದ್ದರೆ ಯಾರಾದರೂ ಇನ್ನೂ ಜೋರಾಗಿ ಬಡಿಯುತ್ತಾರಲ್ಲ, ಹಾಗೆ. ಇದು ಮೊದಲೇ ಗೊತ್ತಿದ್ದುದರಿಂದ ಮೇಲಿನ ಮತ್ತು ಕೆಳಗಿನ ಮನೆಗೆ ಚಕ್ಕುಲಿ ಡಬ್ಬಿ ಕೊಟ್ಟು, ಹದಿನೈದು ದಿನ ಸಹಿಸಿಕೊಳ್ಳಿ ಎಂದು ಕೇಳಿಕೊಂಡು ಬಂದಿದ್ದೆ. ಒಂಬತ್ತನೆಯ ದಿನ ನನ್ನ ಗಂಡನಿಗೆ ಮುಖ್ಯವಾದ ಮೀಟಿಂಗ್. ಹೇಗಾದರೂ ಬಾಯಿ ಮುಚ್ಚಲಿ ಎಂದು ಪಂಜರಕ್ಕೆ ಒಂದು ಹಿಡಿ ಕಡಲೆಕಾಯಿ ಹಾಕಿದರು. ನನಗೆ ಹೇಳಲೂ ಇಲ್ಲ. ಸಿಪ್ಪೆ ನೋಡಿ ಗೊತ್ತಾಯಿತು. ಒಂಬತ್ತು ದಿನದ ತಪಸ್ಸು ನೀರುಪಾಲು. ಒಮ್ಮೊಮ್ಮೆ ಮಾತ್ರ ಸಿಗುವ ಬಹುಮಾನದ ಆಸೆ ಯಾವಾಗಲೂ ಸಿಗುವುದಕ್ಕಿಂತ ಕೆಟ್ಟದ್ದು, ಇಸ್ಪೀಟಿಗೆ ಕುಳಿತವನು ಏಳದೆ ಇರುವುದೂ ಅದಕ್ಕೇ. ಮತ್ತೆ ಮೊದಲಿನಿಂದ ಶುರು. ಮನೆಯ ಎಲ್ಲರೂ ಒಂದೇ ಮಾತಿಗೆ ನಿಲ್ಲದಿದ್ದರೆ ಈ ಕೆಲಸಕ್ಕೆ ಕೈಹಾಕಬೇಡಿ, ಮೊದಲಿಗಿಂತ ಹಾಳಾಗುತ್ತದೆ.

ಕೈಗೆ ಕೆಲಸ ಕೊಡುವುದೂ ಬೇಕಿತ್ತು; ಗಿಣಿಯ ವಿಷಯದಲ್ಲಿ ಕೊಕ್ಕಿಗೆ ಎನ್ನಬೇಕು. ಕಾಡಿನಲ್ಲಿ ದಿನದ ಬಹುಪಾಲು ಊಟ ಹುಡುಕುವುದರಲ್ಲೇ ಹೋಗುತ್ತದೆ, ಇಲ್ಲಿ ಬಟ್ಟಲಲ್ಲಿ ಐದು ನಿಮಿಷಕ್ಕೆ ಮುಗಿಯುತ್ತದೆ. ಬಟ್ಟಲು ತೆಗೆದುಹಾಕಿ, ಪೆಲೆಟ್‌ಗಳನ್ನು ಅಡಿಕೆ ಹಾಳೆಯ ತಟ್ಟೆ ಮಡಚಿ ಅದರೊಳಗೆ, ತೆಂಗಿನಕಾಯಿ ಸಿಪ್ಪೆಯ ನಾರಿನ ಸಂದಿಯಲ್ಲಿ, ಬರಿಯ ಕಾಗದದ ಪೊಟ್ಟಣದಲ್ಲಿ ಅಡಗಿಸತೊಡಗಿದೆ. ಅಂಗಡಿಯ ಬಣ್ಣದ ಆಟಿಕೆಗಳನ್ನು ಅದು ಮೂಸಿಯೂ ನೋಡಲಿಲ್ಲ. ಮುಸುಕಿನ ಜೋಳದ ಸಿಪ್ಪೆಗೆ ಮಾತ್ರ ಪ್ರಾಣ ಬಿಡುತ್ತಿತ್ತು. ಸಂಜೆಯ ಕೂಗಿಗೆ ಕಾಲು ಗಂಟೆ ಮುಂಚೆ ಇವನ್ನು ಕೊಡುವುದು ಗುಟ್ಟು. ಕೂಗಿದ ಮೇಲೆ ಕೊಟ್ಟರೆ ಅದೂ ಲಂಚವೇ.

ಜನವರಿ ಕೊನೆಗೆ ಮತ್ತೆ ಡೈರಿ ಬರೆದೆ. ಮೊದಲ ಸಲ ದಿನಕ್ಕೆ ಸರಾಸರಿ 38 ಸಲ, ಈಗ 13. ಮಿಕ್ಸಿಗೆ ಕೂಗುವುದು ನಿಂತಿತ್ತು, ಒಬ್ಬರು ಎದ್ದು ಹೋದರೆ ಸಿಳ್ಳೆ ಹಾಕಿ ಸುಮ್ಮನಾಗುತ್ತಿತ್ತು. ಬೆಳಗಿನ ಮತ್ತು ಸಂಜೆಯ ಕೂಗು ಮಾತ್ರ ಒಂದು ನಿಮಿಷವೂ ಕಡಿಮೆಯಾಗಿರಲಿಲ್ಲ. ಅದು ಆಗುವಂಥದ್ದೂ ಅಲ್ಲ. ಬೇರೆ ಯಾವುದೇ ಮನೆಯಲ್ಲಿ ನಾನಿದನ್ನು ಗೆಲುವು ಎಂದೇ ಕರೆಯುತ್ತಿದ್ದೆ.

ನಮ್ಮ ಮನೆಯ ತೊಂದರೆ ಅತ್ತೆಯ ಕಿವಿಯಲ್ಲಿತ್ತು. ಅವರಿಗೆ ಎಪ್ಪತ್ತೆಂಟು, ಎರಡೂ ಕಿವಿಗೆ ಮೆಷಿನ್. ರಾಕೆಟ್ಟಿನ ದನಿಯ ಮೊನೆ ಮೆಷಿನ್ನಿನೊಳಗಿಂದ ಸೂಜಿಯಂತೆ ಚುಚ್ಚುತ್ತಿತ್ತು. ಆಗ ಅವರು ಮೆಷಿನ್ ತೆಗೆದಿಡುತ್ತಿದ್ದರು. ತೆಗೆದಿಟ್ಟ ಮೇಲೆ ನಾವು ಅವರೊಡನೆ ಜೋರಾಗಿ ಮಾತಾಡಬೇಕು, ಅವರಿಗಾಗಿ ಟಿವಿ ದೊಡ್ಡದಾಗಬೇಕು. ಮನೆಯ ದನಿ ಏರಿದರೆ ಗಿಣಿ ಗುಂಪಿನ ಗದ್ದಲ ಎಂದುಕೊಂಡು ತಾನೂ ಸೇರುತ್ತದೆ. ಅದು ಸೇರಿದರೆ ಅತ್ತೆ ಮೆಷಿನ್ ಹಾಕಿಕೊಳ್ಳುವುದಿಲ್ಲ. ಈ ಚಕ್ರವನ್ನು ಎಲ್ಲಿ ಹಿಡಿದು ನಿಲ್ಲಿಸುವುದು? ಅತ್ತೆಗೆ ಸಿಳ್ಳೆ ಹಾಕಲು ಹೇಳಬಹುದಿತ್ತು, ಕಿವಿ ಕೊಡಲು ನಮ್ಮಿಂದಾಗುತ್ತಿರಲಿಲ್ಲ. ಒಂದು ದಿನ ಅವರು ಫೋನಿನಲ್ಲಿ ಮಗಳಿಗೆ, "ಈ ಮನೆಯಲ್ಲಿ ನನಗೆ ಗಿಣಿಯ ಮಾತು ಮಾತ್ರ ಕೇಳಿಸುತ್ತದೆ" ಎನ್ನುತ್ತಿದ್ದರು. ದೂರಿನ ದನಿಯಲ್ಲಲ್ಲ, ಸುಮ್ಮನೆ ಸುದ್ದಿ ಹೇಳುವಂತೆ. ನನ್ನ ಮಗಳ ದ್ವಿತೀಯ ಪಿಯುಸಿ ಪರೀಕ್ಷೆಯೂ ಹತ್ತಿರ ಬಂದಿತ್ತು, ಅವಳು ಓದಲು ಗ್ರಂಥಾಲಯಕ್ಕೆ ಹೋಗತೊಡಗಿದ್ದಳು. ರಾಕೆಟ್ಟನ್ನು ಬೇರೆಯವರಿಗೆ ಕೊಡುವ ನಿರ್ಧಾರ ನಾನು ಮಾಡಿದ್ದು ಅವಳಿಗಾಗಿ ಅಲ್ಲ. ಈ ಜಾತಿಯ ಗಿಣಿ ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ, ಪರೀಕ್ಷೆ ಮಾರ್ಚಿಗೆ ಮುಗಿಯುತ್ತದೆ.

ಜರ್ಮನಿಗೆ ಫೋನ್ ಮಾಡಿದೆ. ಹುಡುಗ ಅತ್ತ, ಆಮೇಲೆ ಒಪ್ಪಿದ.

ಕೊಡುವುದು ಎಂದಾಗ ಸಲಹೆಗಳಿಗೆ ಬರವಿರಲಿಲ್ಲ. ಬಾಗಿಲು ತೆಗೆದು ಹಾರಿಬಿಡಿ, ಪುಣ್ಯ ಬರುತ್ತದೆ ಎಂದವರೇ ಹೆಚ್ಚು. ಕೈಯಲ್ಲಿ ಬೆಳೆದ ಪರದೇಶದ ಹಕ್ಕಿ ಬೆಂಗಳೂರಿನ ಕಾಗೆ, ಹದ್ದುಗಳ ನಡುವೆ ಎಷ್ಟು ಗಂಟೆ ಬದುಕೀತು? ಅತ್ತೆಯೇ ಅವರ ಬಾಯಿ ಮುಚ್ಚಿಸಿದರು: "ಗಿಣಿ ಸಾಕಿ ಗಿಡುಗನ ಬಾಯಿಗೆ ಕೊಡಲು ನಮಗೇನು ಹುಚ್ಚೇ?" ಮರಿ ಮಾಡಿಸಿ ಮಾರುವವನೊಬ್ಬ ಒಳ್ಳೆಯ ಬೆಲೆ ಹೇಳಿದ, ಬೇಡವೆಂದೆವು.

ಕಾಗದಪತ್ರದ ಮಾತನ್ನು ಇಲ್ಲಿ ಹೇಳಿಬಿಡಬೇಕು, ಏಕೆಂದರೆ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ನಮ್ಮ ನಾಡಿನ ಹಸಿರು ಗಿಣಿಗಳನ್ನು ಮನೆಯಲ್ಲಿ ಸಾಕುವುದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕನ್ಯೂರಿನಂಥ ವಿದೇಶಿ ಗಿಣಿಗಳನ್ನು ಸಾಕಬಹುದು, ಆದರೆ 2022ರ ತಿದ್ದುಪಡಿ ಮತ್ತು 2024ರ ಫೆಬ್ರುವರಿಯಲ್ಲಿ ಬಂದ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಮಾಡಿಸಬೇಕು, ಕೈ ಬದಲಾದಾಗಲೂ ತಿಳಿಸಬೇಕು. ಹುಡುಗ ಹೊರಡುವ ಮೊದಲು ನೋಂದಣಿ ಮಾಡಿಸಿದ್ದ, ಅಷ್ಟರಮಟ್ಟಿಗೆ ಜಾಣ. "ಕಾಗದ ಗೀಗದ ಏಕೆ, ಸುಮ್ಮನೆ ಕೊಟ್ಟುಬಿಡಿ" ಎಂದವರಿಗೆ ನಾವು ಕೊಡಲಿಲ್ಲ. ಕಾಗದಕ್ಕೆ ಬೇಸರಪಡುವವರು ಪಂಜರ ತೊಳೆಯಲೂ ಬೇಸರಪಡುತ್ತಾರೆ ಎಂಬುದು ನನ್ನ ಗುಮಾನಿ.

ಕೊನೆಗೆ ಸಿಕ್ಕವರು ತುಮಕೂರಿನಾಚೆ ತೋಟದ ಮನೆಯಲ್ಲಿರುವ ಗಂಡ ಹೆಂಡತಿ. ಆಗಲೇ ಎರಡು ಕನ್ಯೂರ್‌ಗಳಿವೆ. ಹಾರಾಡುವಷ್ಟು ದೊಡ್ಡ ಜಾಲರಿ ಮನೆ, ಸುತ್ತ ಅಡಿಕೆ ತೋಟ, ಕೂಗಳತೆಯಲ್ಲಿ ಇನ್ನೊಂದು ಮನೆಯಿಲ್ಲ. ಎರಡು ಸಲ ಹೋಗಿ ನೋಡಿಕೊಂಡು ಬಂದೆ. ಮೊದಲ ಸಲ ಹೇಳದೆಯೇ ಹೋಗಿದ್ದೆ, ನೀರಿನ ಬಟ್ಟಲು ಹೇಗಿರುತ್ತದೆ ಎಂದು ನೋಡುವುದಕ್ಕೆ. ಶುಚಿಯಾಗಿತ್ತು. ಅವರೇ ಕಾಯಿಲೆ ಹರಡಬಾರದೆಂದು ಹೊಸ ಹಕ್ಕಿಯನ್ನು ನಲವತ್ತು ದಿನ ಬೇರೆ ಇಡುತ್ತೇವೆ ಎಂದಾಗ ನನಗೆ ಸಮಾಧಾನವಾಯಿತು. 2025ರ ಜುಲೈನಲ್ಲಿ, ಭಾನುವಾರ, ಅದರ ಪಂಜರ, ಪೆಲೆಟ್ ಚೀಲ, ಪಶುವೈದ್ಯರ ಚೀಟಿ, ಏನು ತಿನ್ನುತ್ತದೆ ಏನು ತಿನ್ನಬಾರದು ಎಂದು ಎರಡು ಪುಟ ಬರೆದು ಎಲ್ಲವನ್ನೂ ಕೊಟ್ಟು ಬಂದೆವು. ಅತ್ತೆ ಒಂದು ಪೊಟ್ಟಣದಲ್ಲಿ ಹಸಿಮೆಣಸಿನಕಾಯಿ ಕಟ್ಟಿಕೊಟ್ಟಿದ್ದರು.

ನಾಲ್ಕನೆಯ ದಿನ ಆ ಮನೆಯಾಕೆ ಫೋನ್ ಮಾಡಿದರು. ತಿನ್ನುತ್ತಿದೆ, ಆರೋಗ್ಯವಾಗಿದೆ, ಆದರೆ ಸಂಜೆಯಾದರೆ ಎರಡು ಸ್ವರದ ಒಂದು ಸಿಳ್ಳೆ ಹಾಕುತ್ತಲೇ ಇರುತ್ತದೆ, ನಾವು ಏನು ಉತ್ತರ ಕೊಟ್ಟರೂ ಒಪ್ಪುತ್ತಿಲ್ಲ, ಇದೇನು ಮೇಡಂ ಎಂದು ಕೇಳಿದರು. ಎರಡು ಪುಟದಲ್ಲಿ ನಾನು ಅದನ್ನು ಬರೆಯುವುದನ್ನೇ ಮರೆತಿದ್ದೆ. ಮೊಬೈಲಿನಲ್ಲಿ ನನ್ನ ಸಿಳ್ಳೆಯನ್ನು ಮೂರು ಸಲ ರೆಕಾರ್ಡ್ ಮಾಡಿ ಕಳಿಸಿದೆ. ಮೇಲಿನ ಸ್ವರ ಮೊದಲು, ಕೆಳಗಿನದು ಆಮೇಲೆ ಎಂದು ಬರೆದು, ಕಿರುಚಿದಾಗ ಮಾತ್ರ ಹಾಕಬೇಡಿ ಎಂದೂ ಸೇರಿಸಿದೆ.