ಲಾನ್ ತೆಗೆದು ಗರಸು ತುಂಬಿಸಿದ ಅಂಗಳ

ಕಲಬುರಗಿಯ ನಮ್ಮ ಮನೆ ಮುಂದೆ 20 ಅಡಿಗೆ 18 ಅಡಿ ಜಾಗವಿದೆ. ಆರು ವರ್ಷ ಅದರ ತುಂಬ ಲಾನ್ ಇತ್ತು. ಮೇ ತಿಂಗಳ 42 ಡಿಗ್ರಿ ಬಿಸಿಲಿಗೆ ಚದರ ಮೀಟರಿಗೆ ಆರು ಲೀಟರ್ ಅಂತ ಹಿಡಿದರೂ ದಿನಕ್ಕೆ 200 ಲೀಟರ್ ನೀರು ಬೇಕು. ಬೋರ್ ಬತ್ತಿದ ವರ್ಷ ಟ್ಯಾಂಕರ್ ನೀರು ಕೊಂಡು ಹುಲ್ಲಿಗೆ ಹೊಯ್ಯಲು ನನಗೆ ಮನಸ್ಸು ಬರಲಿಲ್ಲ. ಆ ಹುಲ್ಲಿನ ಮೇಲೆ ನಾವು ಕೂತಿದ್ದೂ ಅಷ್ಟಕ್ಕಷ್ಟೇ. ಅವ್ವ ಸಂಡಿಗೆ ಒಣಗಿಸಲು ಮಾಳಿಗೆ ಹತ್ತುತ್ತಿದ್ದಳು. ಮಗಳು ಆಡುತ್ತಿದ್ದದ್ದು ಬೇವಿನ ಮರದ ಬುಡದಲ್ಲಿ, ಹುಲ್ಲೇ ಹತ್ತದ ಬರಿ ನೆಲದಲ್ಲಿ.

“ಹುಲ್ಲು ತಗದು ಫರಸಿ ಹಾಕಿಸಿಬಿಡ್ರಿ” ಅಂದರು ಎಲ್ಲರೂ. ಶಹಾಬಾದ್ ಕಲ್ಲಿಗೆ ನಮ್ಮಲ್ಲಿ ಬರವೇ? ಮಣ್ಣಿನ ಮೇಲೆ ಎರಡು ಇಂಚು ಉಸುಕು ಹರವಿ ಕಲ್ಲು ಕೂರಿಸಿದೆವು. ಏಪ್ರಿಲ್‌ಗೆ ಕೆಳಗಿನ ಎರೆಮಣ್ಣು ಬಾಯಿ ಬಿಟ್ಟಿತು. ಎರಡು ಕಲ್ಲಿನ ನಡುವಿನ ಬಿರುಕಿಗೆ ಮಗಳ ಗೋಲಿ ಬಿತ್ತು. ತೆಗೆಯೋಣ ಅಂತ ಕೊಡೆಯ ಕಡ್ಡಿ ಇಳಿಬಿಟ್ಟರೆ ಒಂದೂವರೆ ಅಡಿ ಸರಾಗ ಹೋಯಿತು. ಜೂನ್ ಮಳೆಗೆ ಅದೇ ಮಣ್ಣು ಉಬ್ಬಿ ಕಲ್ಲುಗಳನ್ನು ಎತ್ತಿತು. ಒಂದು ಮೂಲೆಗೆ ಕಾಲಿಟ್ಟರೆ ಇನ್ನೊಂದು ಮೂಲೆ ಠಕ್ ಅಂತ ಮೇಲೆದ್ದು, ಕರಿ ರಾಡಿ ಅವ್ವನ ಸೀರೆಯಂಚಿಗೆ ಸಿಡಿಯುತ್ತಿತ್ತು.

ಮತ್ತೆ ಎಲ್ಲ ಕಿತ್ತೆವು. ಈ ಸಲ ಇಡೀ ಅಂಗಳಕ್ಕೆ ಕಲ್ಲು ಬೇಡವೆಂದು, ನಾವು ಓಡಾಡುವ, ಕೂರುವ 150 ಚದರ ಅಡಿಯನ್ನಷ್ಟೇ ಗುರುತು ಹಾಕಿದೆ. ಅಲ್ಲಿ ಒಂದು ಅಡಿ ಎರೆಮಣ್ಣು ತೆಗೆಸಿದೆ. ಅದು ಒಂದೂವರೆ ಬ್ರಾಸ್, ಅಂದರೆ 150 ಘನ ಅಡಿ. ಅಗೆದು ರಾಶಿ ಹಾಕಿದಾಗ ಅದಕ್ಕಿಂತ ಬಹಳ ಹೆಚ್ಚು ಕಾಣುತ್ತದೆ, ಎಲ್ಲಿ ಇಡುವುದೆಂದು ಮೊದಲೇ ಯೋಚಿಸಿಟ್ಟುಕೊಳ್ಳಿ. ಗುಂಡಿಗೆ ಗರಸನ್ನು, ಅಂದರೆ ನೀರಿಗೆ ಎರೆಮಣ್ಣಿನಷ್ಟು ಉಬ್ಬದ ಒರಟು ಕಲ್ಲುಮಣ್ಣನ್ನು, ನಾಲ್ಕು ನಾಲ್ಕು ಇಂಚಿನ ಪದರವಾಗಿ ಹಾಕಿ, ನೀರು ಚಿಮುಕಿಸಿ, ದಮ್ಮಸ್ಸು ಮಾಡಿಸಿದೆವು. ಇದಕ್ಕೇ ಮೂರು ದಿನ ಹಿಡಿಯಿತು. ಮೇಸ್ತ್ರಿಗೆ ಬೇಸರವಾಗಿತ್ತು, ಆದರೂ ನಾನು ಬಿಡಲಿಲ್ಲ. ಕಲ್ಲುಗಳ ನಡುವೆ ಸಿಮೆಂಟ್ ತುಂಬದೆ ಬೆರಳಗಲ ಸಂದು ಬಿಟ್ಟು ಉಸುಕು ಸುರಿದೆವು. ಇಳಿಜಾರು ಮನೆಯ ತಳಪಾಯದ ಕಡೆಗಲ್ಲ, ಗಿಡಗಳ ಕಡೆಗೆ, ಐದು ಅಡಿಗೆ ಒಂದು ಇಂಚು.

ತೆಗೆದ ಮಣ್ಣಿಗೆ ಉಸುಕು, ತಿಪ್ಪೆಗೊಬ್ಬರ ಬೆರೆಸಿ ಗೋಡೆಯಿಂದ ದೂರ ಎತ್ತರದ ಮಡಿ ಕಟ್ಟಿದೆ. ಕರಿಬೇವು, ದುಂಡುಮಲ್ಲಿಗೆ, ದಾಸವಾಳ ತಾವಾಗಿಯೇ ಹತ್ತಿದವು. ನಿಂಬೆ ಮಾತ್ರ ಕಾಡಿತು. ಚಿಗುರೆಲೆ ಹಳದಿಯಾಗಿ ನರಗಳಷ್ಟೇ ಹಸಿರು ಉಳಿದವು. ನಮ್ಮ ಎರೆಮಣ್ಣಿನಲ್ಲಿ ಸುಣ್ಣದಂಶ ಹೆಚ್ಚು, ಕಬ್ಬಿಣದಂಶ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಲೀಟರಿಗೆ ಐದು ಗ್ರಾಂ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಕರಗಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿದ ಮೇಲೆ ಬಣ್ಣ ತಿರುಗಿತು. ಅಂದಕ್ಕೆಂದು ಅದರ ಬುಡದಲ್ಲಿ ಹಾಸಿದ್ದ ಶಹಾಬಾದ್ ಕಲ್ಲಿನ ಚೂರನ್ನೂ ತೆಗೆದೆ. ಅದೂ ಸುಣ್ಣದ ಕಲ್ಲೇ ಅಲ್ಲವೇ. ಈಗ ಮಾಗಿ ಮುಗಿಯುವ ಹೊತ್ತಿಗೆ ಉದುರುವ ಬೇವಿನೆಲೆಯನ್ನೇ ಗುಡಿಸಿ ಮೂರು ಇಂಚು ಹೊದಿಸುತ್ತೇನೆ. ಬೇಸಿಗೆಯಲ್ಲೂ ಎರಡು ದಿನಕ್ಕೊಮ್ಮೆ ನಾಲ್ಕೈದು ಕೊಡ ನೀರು ಸಾಕಾಗುತ್ತಿದೆ.

ಮಧ್ಯಾಹ್ನ ಕಲ್ಲು ಕಾದು ಕಾಲಿಡಲು ಆಗುವುದಿಲ್ಲ, ಅದು ನಿಜ. ಆ ಹೊತ್ತು ಅಂಗಳ ಅವ್ವನ ಸಂಡಿಗೆಯದು. ಸಂಜೆ ಒಂದು ಬಕೆಟ್ ನೀರು ಚಿಮುಕಿಸಿ ಬೇವಿನ ಕೆಳಗೆ ಹೊರಸು ಹಾಕುತ್ತೇವೆ. ಮರದ ಬುಡವನ್ನು ಮಗಳಿಗೇ ಬಿಟ್ಟಿದ್ದೇವೆ, ಅಲ್ಲಿ ಕಲ್ಲೂ ಇಲ್ಲ, ಗಿಡವೂ ಇಲ್ಲ.

ಗೇಟಿನ ಹತ್ತಿರದ ಒಂದು ಕಲ್ಲು ಇನ್ನೂ ಅಲುಗಾಡುತ್ತದೆ. ಕೆಳಗೆ ನಳದ ಪೈಪ್ ಇದೆಯೆಂದು ಅಲ್ಲಿ ಆಳ ಅಗೆದಿರಲಿಲ್ಲ. ಈ ಮಳೆಗಾಲಕ್ಕೆ ಮುಂಚೆ ಕೈಯಿಂದಲೇ ಕೆದರಿ, ಎರೆಮಣ್ಣು ತೆಗೆದು ಗರಸು ತುಂಬಬೇಕು.