ಮ್ಯೂನಿಕ್‌ಗೆ ಹೊಸದಾಗಿ ಬಂದ ಕುಟುಂಬಗಳಿಗೆ: ರೈಲು ಹತ್ತುವ ಮುಂಚೆ

ಮೊದಲು ಟಿಕೆಟ್ ವಿಷಯ. ಇಲ್ಲಿನ ಸ್ಟೇಷನ್‌ಗಳಲ್ಲಿ ಗೇಟ್ ಇಲ್ಲ, ತಡೆಯುವವರೂ ಇಲ್ಲ. ನೇರ ಪ್ಲಾಟ್‌ಫಾರ್ಮ್‌ಗೆ ಹೋಗಿ ರೈಲು ಹತ್ತಬಹುದು. ಹಾಗಂತ ಯಾರೂ ನೋಡಲ್ಲ ಅಂದುಕೊಳ್ಳಬೇಡಿ. ಮಾಮೂಲಿ ಬಟ್ಟೆಯಲ್ಲಿ ಪಕ್ಕದಲ್ಲೇ ನಿಂತವರು ತಟ್ಟನೆ ಕಾರ್ಡ್ ತೋರಿಸಿ ಟಿಕೆಟ್ ಕೇಳುತ್ತಾರೆ. ಇಲ್ಲದಿದ್ದರೆ 60 ಯೂರೋ ದಂಡ. ಹೊಸಬರು, ಗೊತ್ತಿರಲಿಲ್ಲ ಅಂದರೆ ನಡೆಯುವುದಿಲ್ಲ. ಕಾಗದದ ಟಿಕೆಟ್ ತಗೊಂಡರೆ ಅದರ ಮೇಲೆ ಸಮಯದ ಮುದ್ರೆ ಇದೆಯಾ ನೋಡಿ. ಇಲ್ಲದಿದ್ದರೆ ಪ್ಲಾಟ್‌ಫಾರ್ಮ್‌ಗೆ ಹೋಗುವ ದಾರಿಯಲ್ಲಿರುವ ಚಿಕ್ಕ ಪೆಟ್ಟಿಗೆಯಲ್ಲಿ ಹಾಕಿಸಿಕೊಳ್ಳಿ. ಮುದ್ರೆಯಿಲ್ಲದ ಟಿಕೆಟ್ ಇದ್ದೂ ಇಲ್ಲದ ಲೆಕ್ಕ.

ದಿನಾ ಓಡಾಡುವವರಿಗೆ ಡಾಯ್ಚ್‌ಲಾಂಡ್ ಟಿಕೆಟ್ ಅನ್ನುವ ತಿಂಗಳ ಚಂದಾ ಪಾಸ್ ಒಳ್ಳೆಯದು. 2023ರಲ್ಲಿ 49 ಯೂರೋಗೆ ಶುರುವಾಗಿದ್ದು 2026ರ ಜನವರಿಯಿಂದ 63 ಆಗಿದೆ. ಎಸ್-ಬಾನ್ (ಉಪನಗರ ರೈಲು), ಯು-ಬಾನ್ (ಮೆಟ್ರೋ), ಟ್ರಾಮ್, ಬಸ್, ಊರೂರಿಗೆ ಹೋಗುವ ರೀಜನಲ್ ರೈಲು, ಎಲ್ಲಕ್ಕೂ ದೇಶದಾದ್ಯಂತ ಅದೊಂದೇ ಸಾಕು. ಐಸಿಇ, ಐಸಿ ಅನ್ನುವ ದೂರದ ವೇಗದ ರೈಲಿಗೆ ಮಾತ್ರ ನಡೆಯಲ್ಲ. ಅದು ಒಬ್ಬರ ಹೆಸರಿನದು, ಹೆಂಡತಿಯದನ್ನು ಗಂಡ ಬಳಸುವ ಹಾಗಿಲ್ಲ. ಬೇಡವಾದರೆ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡಬೇಕು, ತಪ್ಪಿದರೆ ಮುಂದಿನ ತಿಂಗಳ ದುಡ್ಡೂ ಹೋಗುತ್ತದೆ. 6 ವರ್ಷ ತುಂಬದ ಮಕ್ಕಳಿಗೆ ಟಿಕೆಟ್ ಬೇಡ.

ಊರಿಂದ ಅಪ್ಪ ಅಮ್ಮ ಬರುತ್ತಾರೆ, ಕರೆತರಲು ಏರ್‌ಪೋರ್ಟ್‌ಗೆ ಹೊರಡುತ್ತೀರಿ. ಇಲ್ಲಿ ತುಂಬಾ ಜನ ಎಡವುತ್ತಾರೆ. ಎಸ್-ಬಾನ್‌ನ ಎಸ್1 ರೈಲು ದಾರಿಯಲ್ಲಿ ನಾಯ್‌ಫಾರ್ನ್ ಸ್ಟೇಷನ್‌ನಲ್ಲಿ ಎರಡಾಗಿ ಒಡೆಯುತ್ತದೆ. ಒಂದು ಭಾಗ ಏರ್‌ಪೋರ್ಟ್‌ಗೆ, ಇನ್ನೊಂದು ಫ್ರೈಸಿಂಗ್ ಅನ್ನುವ ಬೇರೆ ಊರಿಗೆ. ಒಂದೇ ರೈಲು ಅಂತ ಯಾವುದೋ ಬೋಗಿಯಲ್ಲಿ ಕೂತುಬಿಟ್ಟರೆ ವಿಮಾನ ಇಳಿದವರು ಅಲ್ಲಿ ಕಾಯುತ್ತಿರುತ್ತಾರೆ, ನೀವು ಫ್ರೈಸಿಂಗ್‌ನಲ್ಲಿರುತ್ತೀರಿ. ಹತ್ತುವಾಗ ನಿಮ್ಮ ಬೋಗಿಯ ಮೇಲಿರುವ ಊರಿನ ಹೆಸರನ್ನೇ ಓದಿ. ತಪ್ಪು ಬೋಗಿ ಅಂತ ಗೊತ್ತಾದರೆ ನಾಯ್‌ಫಾರ್ನ್ ತಲುಪುವುದರೊಳಗೆ ಯಾವುದಾದರೂ ಸ್ಟೇಷನ್‌ನಲ್ಲಿ ಇಳಿದು ಸರಿಯಾದ ಭಾಗಕ್ಕೆ ಬನ್ನಿ. ಸೂಟ್‌ಕೇಸು, ಮಕ್ಕಳು ಜೊತೆಗಿದ್ದರೆ ಸುಮ್ನೆ ಎಸ್8 ಹಿಡಿಯಿರಿ, ಅದು ಹೀಗೆ ಒಡೆಯುವುದಿಲ್ಲ.

ಜರ್ಮನಿಯ ರೈಲು ಅಂದರೆ ಗಡಿಯಾರದ ಹಾಗೆ ಅಂತ ಕೇಳಿ ಬಂದಿರುತ್ತೀರಿ. ಆದರೆ ತಡವಾಗುವುದು ಇಲ್ಲಿ ಸಾಮಾನ್ಯ. ಪ್ಲಾಟ್‌ಫಾರ್ಮ್ ಕೂಡ ಕೊನೆ ಗಳಿಗೆಯಲ್ಲಿ ಬದಲಾಗುತ್ತದೆ, ಆ್ಯಪ್ ಜೊತೆಗೆ ಬೋರ್ಡನ್ನೂ ನೋಡುತ್ತಿರಿ. ದೂರದ ರೈಲಿನಲ್ಲಿ ತಲುಪುವುದು 60 ನಿಮಿಷ ತಡವಾದರೆ ಟಿಕೆಟ್ ಹಣದ 25%, 120 ನಿಮಿಷವಾದರೆ 50% ವಾಪಸ್ ಸಿಗುತ್ತದೆ. 3 ತಿಂಗಳೊಳಗೆ ಕೇಳಿ. ಅದು ನಿಮ್ಮ ಹಕ್ಕು, ಸಂಕೋಚ ಬೇಡ.

ಅಜ್ಜ ಅಜ್ಜಿಯನ್ನು ಸುತ್ತಾಡಿಸಲು ಬೈಯರ್ನ್ ಟಿಕೆಟ್ ತಗೊಳ್ಳಿ, ಅಂದರೆ ಮ್ಯೂನಿಕ್ ಇರುವ ಬವೇರಿಯಾ ರಾಜ್ಯದ ಒಂದು ದಿನದ ಟಿಕೆಟ್. 5 ಜನರವರೆಗೆ ಒಂದೇ ಟಿಕೆಟ್, ಜನ ಹೆಚ್ಚಿದಷ್ಟೂ ತಲೆಗೆ ಕಡಿಮೆ ಬೀಳುತ್ತದೆ. ಆಸ್ಟ್ರಿಯಾದ ಸಾಲ್ಜ್‌ಬುರ್ಗ್ ತನಕವೂ ಹೋಗಿಬರಬಹುದು. ವಾರದ ದಿನಗಳಲ್ಲಿ ಬೆಳಿಗ್ಗೆ 9ರ ನಂತರ ಮಾತ್ರ, ಶನಿವಾರ ಭಾನುವಾರ ಇಡೀ ದಿನ. ಎಲ್ಲರ ಹೆಸರನ್ನೂ ಟಿಕೆಟ್ ಮೇಲೆ ಬರೆಯಬೇಕು, ಜೇಬಲ್ಲಿ ಒಂದು ಪೆನ್ ಇರಲಿ.