"ಪ್ಯಾನಿಕ್ ಜೀನ್ ಸಿಕ್ತು" ಅಂತ ಸುದ್ದಿ ಬಂದ್ರೆ ಅದನ್ನ ಓದೋದು ಹೇಗೆ

ಪ್ಯಾನಿಕ್ ಅಟ್ಯಾಕ್, ಅಂದ್ರೆ ಇದ್ದಕ್ಕಿದ್ದ ಹಾಗೆ ವಿಪರೀತ ಗಾಬರಿ ಆಗೋರಿಗೆ ಯಾರಾದ್ರೂ ಒಬ್ರು ಇಂಥ ಲಿಂಕ್ ಕಳಿಸೇ ಕಳಿಸ್ತಾರೆ, ಮೇಲೊಂದು ಮೆದುಳಿನ ಫೋಟೋ, ಅದರಲ್ಲಿ ಕೆಂಪು ಚುಕ್ಕೆ, ಕೆಳಗೆ "ಎಲ್ಲಾ ಜೀನ್‌ನಲ್ಲೇ ಇದೆ" ಅಂತ. ನನಗೂ ಬಂತು. ನಮ್ಮಮ್ಮನಿಗೂ ಇದೇ ತೊಂದರೆ ಇದ್ದಿದ್ರಿಂದ ಅವತ್ತು ರಾತ್ರಿ ನಿದ್ದೆ ಇಲ್ಲ. ಆಮೇಲೆ ಸಿಟ್ಟು ಬಂದು ಮೂಲ ಪೇಪರ್‌ಗಳನ್ನೇ ಓದೋಕೆ ಶುರು ಮಾಡ್ದೆ, ಈಗ ಇಂಥದ್ದು ಬಂದ್ರೆ ನಾನು ಏನೇನು ನೋಡ್ತೀನಿ ಅಂತ ಹೇಳ್ತೀನಿ.

ಮೊದಲು ಪರ್ಸೆಂಟ್. ಅವಳಿಗಳ ಅಧ್ಯಯನಗಳಲ್ಲಿ ಪ್ಯಾನಿಕ್ ಡಿಸಾರ್ಡರ್‌ಗೆ (ಈ ಅಟ್ಯಾಕ್ ಪದೇ ಪದೇ ಬರೋ ಕಾಯಿಲೆಗೆ) ಆನುವಂಶಿಕ ಪಾಲು ಸುಮಾರು 40% ಅಂತ ಬರುತ್ತೆ. ಅಮ್ಮನಿಗಿದ್ರೆ ನಿಮಗೆ ಬರೋ ಚಾನ್ಸ್ 40% ಅಂತ ಅಲ್ಲ ಇದು! ಒಬ್ರಿಗೆ ಬರುತ್ತೆ ಇನ್ನೊಬ್ರಿಗೆ ಬರಲ್ಲ ಅನ್ನೋ ವ್ಯತ್ಯಾಸ ಜನರ ಮಧ್ಯೆ ಇದೆಯಲ್ಲ, ಅದರಲ್ಲಿ ಅಷ್ಟು ಭಾಗಕ್ಕೆ ಜೀನ್ ಕಾರಣ, ಅಷ್ಟೇ.

ಆಮೇಲೆ ಒಂದೇ ಜೀನ್ ಹೆಸರು ಹೇಳಿದಾರಾ ನೋಡಿ. ಸೆರೊಟೋನಿನ್ ಟ್ರಾನ್ಸ್‌ಪೋರ್ಟರ್, ಸಿಒಎಂಟಿ, ಎಂಎಒಎ, ಇವು ಪದೇ ಪದೇ ಬರೋ ಹೆಸರುಗಳು. 2002ರಲ್ಲಿ ಆ ಸೆರೊಟೋನಿನ್ ಟ್ರಾನ್ಸ್‌ಪೋರ್ಟರ್ ಜೀನ್‌ನ ಗಿಡ್ಡ ರೂಪ ಇರೋರಲ್ಲಿ ಹೆದರಿದ ಮುಖ ನೋಡಿದಾಗ ಅಮಿಗ್ಡಲಾ (ಅಪಾಯ ಗುರುತಿಸೋಕೆ ಸಹಾಯ ಮಾಡೋ ಮೆದುಳಿನ ಒಂದು ಚಿಕ್ಕ ಭಾಗ) ಜಾಸ್ತಿ ಕೆಲಸ ಮಾಡುತ್ತೆ ಅಂತ ಬಂದು ದೊಡ್ಡ ಸುದ್ದಿ ಆಯ್ತು, ಅದರಲ್ಲಿದ್ದಿದ್ದು 28 ಜನ, ಅದೂ ಆರೋಗ್ಯವಂತರು. 2019ರಲ್ಲಿ 2,200ಕ್ಕೂ ಹೆಚ್ಚು ಪ್ಯಾನಿಕ್ ರೋಗಿಗಳ ಇಡೀ ಜೀನೋಮ್ ಜಾಲಾಡಿದ್ರೆ ಇದೇ ಕಾರಣ ಅಂತ ಖಚಿತವಾಗಿ ಬೆರಳು ಮಾಡೋ ಅಂಥ ಒಂದು ಜಾಗವೂ ಸಿಗ್ಲಿಲ್ಲ, ಚಿಕ್ಕ ಚಿಕ್ಕ ಪರಿಣಾಮ ಇರೋ ಸುಮಾರು ಜಾಗಗಳು ಸೇರಿ ಕೆಲಸ ಮಾಡ್ತಿವೆ ಅನ್ನೋದು ಮಾತ್ರ ಕಂಡಿತು. ಅದಕ್ಕೇ ಎಷ್ಟು ಜನರನ್ನ ನೋಡಿದ್ರು ಅಂತ ಹೇಳದೇ ಇರೋ ಸುದ್ದೀನ ನಾನು ಅಲ್ಲೇ ಬಿಡ್ತೀನಿ.

ಆ ಕೆಂಪು ಚುಕ್ಕೆ ಬರೋ ಮೆದುಳಿನ ಸ್ಕ್ಯಾನ್ (ಎಫ್‌ಎಂಆರ್‌ಐ) ವಿಷಯಕ್ಕೆ ಸ್ವಲ್ಪ ಹೊತ್ತು ಕೊಡಿ, ಮೋಸ ಹೋಗೋದು ಇಲ್ಲೇ. ಮಲಗಿರ್ತೀರಿ, ತಲೆ ಅಲ್ಲಾಡಿಸೋ ಹಾಗಿಲ್ಲ, ಕಿವಿ ಪಕ್ಕ ಟಕ್ ಟಕ್ ಸದ್ದು, ಎದುರಿಗೆ ಮೂರು ಮುಖ ಬರುತ್ತೆ, ಮೇಲಿರೋದಕ್ಕೆ ಕೆಳಗಿನ ಎರಡರಲ್ಲಿ ಯಾವುದು ಹೊಂದುತ್ತೆ ಅಂತ ಬಟನ್ ಒತ್ತಬೇಕು. ಮಷಿನ್ ನೋಡೋದು ನಿಮ್ಮ ಭಯಾನ ಅಲ್ಲ, ರಕ್ತದಲ್ಲಿನ ಆಕ್ಸಿಜನ್ ಬದಲಾವಣೆನ, ಅದೂ ಐದಾರು ಸೆಕೆಂಡ್ ತಡವಾಗಿ. ಗಾಬರಿಯಾಗಿ ಜೋರಾಗಿ ಉಸಿರಾಡಿದ್ರೆ ಕಾರ್ಬನ್ ಡೈಆಕ್ಸೈಡ್ ಇಳಿದು ಮೆದುಳಿನ ರಕ್ತನಾಳ ಕಿರಿದಾಗುತ್ತೆ, ಸಿಗ್ನಲ್ಲೂ ಬದಲಾಗುತ್ತೆ. ಹಾಗಾಗಿ ಉಸಿರಾಟ ಅಳೆದಿದ್ರಾ ಅಂತ ಕೇಳ್ಲೇಬೇಕು. ಇನ್ನೊಂದು, ಅಗೋರಾಫೋಬಿಯಾ (ತಪ್ಪಿಸ್ಕೊಂಡು ಬರೋಕೆ ಕಷ್ಟ ಅನ್ಸೋ ಜಾಗಗಳ ಭಯ) ಜೋರಾಗಿ ಇರೋರು ಆ ಕೊಳವೆ ಒಳಗೆ ಹೋಗ್ತಾರಾ? ಹೋಗೋಕೆ ಆಗೋರು ಮಾತ್ರ ಲೆಕ್ಕಕ್ಕೆ ಬರ್ತಾರೆ. ಮಾತ್ರೆ ತಗೋತಿದ್ರಾ ಅನ್ನೋದನ್ನೂ ನೋಡಿ.

ಅಮಿಗ್ಡಲಾ ಅಂದ್ರೇನೇ ಭಯ ಅಂತ ಬರೆದಿದ್ರೆ ಇದು ನೆನಪಿರ್ಲಿ. ಎರಡೂ ಕಡೆ ಅಮಿಗ್ಡಲಾ ಹಾಳಾಗಿ, ಹಾವಿಗೂ ಹೆದರದ ಒಬ್ಬ ಮಹಿಳೆಗೆ 35% ಕಾರ್ಬನ್ ಡೈಆಕ್ಸೈಡ್ ಇರೋ ಗಾಳಿ ಉಸಿರಾಡಿಸಿದಾಗ ಪ್ಯಾನಿಕ್ ಆಯ್ತು! 2013ರ ವರದಿ ಇದು. ಇನ್ಸುಲಾ (ಮೈಯೊಳಗಿನ ಬದಲಾವಣೆ ಗಮನಿಸೋ ಮೆದುಳಿನ ಭಾಗ), ಮೆದುಳುಕಾಂಡ ಎಲ್ಲದಕ್ಕೂ ಇದರಲ್ಲಿ ಕೈ ಇದೆ.

ನನಗೆ ನಿಜವಾಗ್ಲೂ ಸಮಾಧಾನ ಕೊಟ್ಟಿದ್ದು ಅದೇ ವರ್ಷದ ಒಂದು ಜರ್ಮನ್ ಅಧ್ಯಯನ. ಅಗೋರಾಫೋಬಿಯಾ ಜೊತೆ ಪ್ಯಾನಿಕ್ ಇದ್ದ 42 ಜನಕ್ಕೆ 12 ಸೆಷನ್ ಸಿಬಿಟಿ (ಯೋಚನೆ, ನಡವಳಿಕೆ ಬದಲಾಯಿಸೋಕೆ ಕಲಿಸೋ ಮಾತಿನ ಚಿಕಿತ್ಸೆ) ಕೊಟ್ಟು ಮುಂಚೆ ಒಂದ್ಸಲ, ಆಮೇಲೆ ಒಂದ್ಸಲ ಸ್ಕ್ಯಾನ್ ಮಾಡಿದ್ರು, ಭಯ ಕಲಿಯೋ ಟಾಸ್ಕ್‌ನಲ್ಲಿ ಎಡಗಡೆ ಮುಂಭಾಗದ ಒಂದು ಜಾಗದ ಚಟುವಟಿಕೆ ಕಮ್ಮಿ ಆಗಿತ್ತು. ಜೀನ್‌ನಲ್ಲಿ ಬರೆದಿರೋದು 12 ಸೆಷನ್‌ಗೆ ಬದಲಾಗಲ್ಲ ತಾನೇ, ಮೆದುಳು ಕೆಲಸ ಮಾಡೋ ರೀತಿ ಬದಲಾಯ್ತು.

ಹಾಗಾಗಿ ಉಗುಳು ಕಳಿಸಿ ಮಾಡಿಸೋ ಜೀನ್ ಟೆಸ್ಟ್‌ಗೆ ದುಡ್ಡು ಹಾಕ್ಬೇಡಿ, ಅದು ನಿಮಗೆ ಪ್ಯಾನಿಕ್ ಇದೆಯೋ ಇಲ್ವೋ ಹೇಳಲ್ಲ. ಸುದ್ದಿ ಓದಿ ಮಾತ್ರೆನೂ ನಿಲ್ಲಿಸ್ಬೇಡಿ. ಅದರ ಬದಲು ಒಂದು ಹಾಳೆ ತಗೊಂಡು ಮನೇಲಿ ಯಾರಿಗೆಲ್ಲಾ ಇತ್ತು, ಎಷ್ಟನೇ ವಯಸ್ಸಲ್ಲಿ ಶುರುವಾಯ್ತು, ಯಾವ ಔಷಧಿ ಒಗ್ಗಿತು, ಥೈರಾಯ್ಡ್ ಅಥವಾ ಹೃದಯದ ತೊಂದರೆ ಯಾರಿಗಾದ್ರೂ ಇತ್ತಾ ಅಂತ ಬರ್ಕೊಂಡು ಡಾಕ್ಟರ್ ಹತ್ರ ಹೋಗಿ. ನಾನು ಬರೆಯೋಕೆ ಕೂತಾಗಲೇ ಗೊತ್ತಾಗಿದ್ದು, ನಮ್ಮಜ್ಜಿ ಒಬ್ರೇ ಎಲ್ಲೂ ಹೊರಗೆ ಹೋಗ್ತಿರ್ಲಿಲ್ಲ ಅಂತ.